ಎರಡೂ ಕೈಗೆ ಒಂದೇ ಅಲೆಗೆರೆ: ಸ್ವರಲಿಪಿ ತಂತ್ರಾಂಶದಲ್ಲಿ ಆರ್ಪೆಜಿಯೊ ಚಿಹ್ನೆಯನ್ನು ಕೂಡಿಸುವ ಬಗ್ಗೆ

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಮನೆಯಲ್ಲೇ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುವವಳು ನಾನು. ಬಸವ ಜಯಂತಿಯ ದಿನ ಮಕ್ಕಳಿಂದ ನುಡಿಸಬೇಕೆಂದು ಭೀಮಪಲಾಸದ ಛಾಯೆಯಲ್ಲಿ 32 ಬಾರ್‌ಗಳ (ತಾಳದ ಸಮಭಾಗಗಳ) ಒಂದು ವಾದ್ಯರಚನೆಯನ್ನು ಹೊಂದಿಸಿ, ಅದನ್ನು ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ಬರೆಯುತ್ತಿದ್ದೇನೆ. ಸಾ ಸ್ವರವನ್ನು ಬಿಳಿ ಒಂದಕ್ಕೆ, ಅಂದರೆ ಸಿ ಮನೆಗೆ ಇಟ್ಟುಕೊಂಡಿದ್ದೇನೆ.

ಮೊದಲ ಬಾರ್‌ನಲ್ಲೇ ಆರು ಸ್ವರಗಳ ಒಂದು ಗುಚ್ಛವಿದೆ. ಎಡಗೈಯಲ್ಲಿ ಮಂದ್ರದ ಸಾ, ಪ, ಕೋಮಲ ನಿ. ಬಲಗೈಯಲ್ಲಿ ಮಧ್ಯದ ಕೋಮಲ ಗ, ಪ ಮತ್ತು ತಾರ ಸಾ. ಇವು ಆರೂ ಒಟ್ಟಿಗೆ ಢಬ್ಬೆಂದು ಬೀಳದೆ, ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಅರಳಿ, ಅರಳಿದ ಮೇಲೆ ಎಲ್ಲವೂ ಹಿಡಿದು ನಿಲ್ಲಬೇಕು. ಅದಕ್ಕೆಂದೇ ಇರುವ ಆರ್ಪೆಜಿಯೊ ಚಿಹ್ನೆಯನ್ನು, ಅಂದರೆ ಸ್ವರಗಳ ಎಡಕ್ಕೆ ನಿಲ್ಲುವ ಆ ಲಂಬವಾದ ಅಲೆಗೆರೆಯನ್ನು, ಬಲಗೈಯ ಗುಚ್ಛಕ್ಕೆ ಹಾಕಿದೆ. ಎಡಗೈಗೂ ಬೇಕಲ್ಲವೇ ಎಂದು ಅಲ್ಲಿಗೂ ಇನ್ನೊಂದನ್ನು ಹಾಕಿದೆ. ಕೇಳಿ ನೋಡಿದರೆ ಎರಡೂ ಕೈಗಳು ಒಂದೇ ಕ್ಷಣದಲ್ಲಿ ಹೊರಡುತ್ತವೆ: ಮಂದ್ರದ ಸಾ ಜೊತೆಗೇ ಮಧ್ಯದ ಗ, ಪ ಜೊತೆಗೇ ಪ. ತಪ್ಪು ಕಂಪ್ಯೂಟರಿನದೆಂದುಕೊಂಡು ಕಾಗದದ ಪ್ರತಿಯನ್ನು ಒಂಬತ್ತು ವರ್ಷದ ನನ್ನ ವಿದ್ಯಾರ್ಥಿನಿಗೆ ಕೊಟ್ಟೆ. ಅವಳೂ ಹಾಗೆಯೇ ನುಡಿಸಿದಳು.

ಆಮೇಲೆ ಎಡಗೈಯ ಚಿಹ್ನೆಯನ್ನು ಅಳಿಸಿ, ಬಲಗೈಯದರ ಕೆಳತುದಿಯನ್ನು ಇಲಿಯಿಂದ ಹಿಡಿದು ಎಡಗೈಯ ಸ್ಟಾಫ್‌ವರೆಗೆ, ಅಂದರೆ ಅದರ ಐದು ಗೆರೆಗಳ ಪಂಕ್ತಿಯವರೆಗೆ, ಎಳೆದೆ. ನೋಡಲು ಈಗ ಸೊಗಸಾಗಿದೆ, ಆದರೆ ಎಡಗೈಯ ಮೂರು ಸ್ವರಗಳು ಮೊದಲೇ ಒಟ್ಟಾಗಿ ಬಿದ್ದುಬಿಡುತ್ತವೆ, ಬಲಗೈ ಮಾತ್ರ ಅರಳುತ್ತದೆ. ಇದರ ಜೊತೆಗೆ ಕೋಮಲ ಗ ಮತ್ತು ನಿ ಸ್ವರಗಳ ಫ್ಲ್ಯಾಟ್ ಗುರುತುಗಳ ಮೇಲೇ ಅಲೆಗೆರೆ ಕುಳಿತಂತೆ ಕಾಣುವುದರಿಂದ ಆ ಜಾಗ ಇರುವೆ ಮುತ್ತಿದ ಹಾಗಿದೆ. ದಾರಿ ತೋರಿಸಬೇಕೆಂದು ವಿನಂತಿ.

ಕ್ಯಾಂಪ್ ಗಾಯನವೃಂದ (ಬೆಳಗಾವಿ)

ನಿಮ್ಮ ವಿದ್ಯಾರ್ಥಿನಿ ತಪ್ಪು ಮಾಡಿಲ್ಲ. ನೀವು ಬರೆದದ್ದನ್ನೇ ಓದಿದ್ದಾಳೆ. ಎರಡು ಸ್ಟಾಫ್‌ಗಳಲ್ಲಿ ಎರಡು ಬಿಡಿ ಅಲೆಗೆರೆಗಳಿದ್ದರೆ ಎರಡೂ ಕೈಗಳು ಏಕಕಾಲಕ್ಕೆ ತಮ್ಮ ತಮ್ಮ ಕೆಳಸ್ವರದಿಂದ ಹೊರಡಬೇಕು ಎಂದೇ ಅರ್ಥ. ಎರಡೂ ಸ್ಟಾಫ್‌ಗಳನ್ನು ದಾಟಿ ತುಂಡಾಗದೆ ಹೋಗುವ ಒಂದೇ ಗೆರೆಯಿದ್ದರೆ ಎಡಗೈಯ ತೀರ ಕೆಳಗಿನ ಸ್ವರದಿಂದ ಬಲಗೈಯ ತುದಿಯ ಸ್ವರದವರೆಗೆ ಒಂದೇ ಸರಣಿ. ಪಿಯಾನೊ ಬಲ್ಲವರು ಈ ಎರಡನ್ನೂ ಬೇರೆ ಬೇರೆಯಾಗಿಯೇ ಓದುತ್ತಾರೆ, ಆದ್ದರಿಂದ ಇದು ಅಂದಚೆಂದದ ಪ್ರಶ್ನೆಯಲ್ಲ.

ಮ್ಯೂಸ್‌ಸ್ಕೋರ್‌ನಲ್ಲಿ ಮಾಡಬೇಕಾದದ್ದು ಇಷ್ಟು. ಬಲಗೈಯ ಗುಚ್ಛದ ಯಾವುದಾದರೂ ಒಂದು ಸ್ವರವನ್ನು ಆರಿಸಿ, ಪ್ಯಾಲೆಟ್‌ನ (ಚಿಹ್ನೆಪಟ್ಟಿಯ) ಆರ್ಪೆಜಿಯೊ ಮತ್ತು ಗ್ಲಿಸಾಂಡೊ ವಿಭಾಗದಿಂದ ಬಾಣವಿಲ್ಲದ ಸಾದಾ ಅಲೆಗೆರೆಯನ್ನು ಕ್ಲಿಕ್ ಮಾಡಿ. ಈಗ ಆ ಗೆರೆಯನ್ನೇ ಆರಿಸಿ, ಅದರ ಕೆಳತುದಿಯ ಚಿಕ್ಕ ಹಿಡಿಯ ಮೇಲೆ ಒತ್ತಿ, ಎಳೆಯುವ ಬದಲು ಶಿಫ್ಟ್ ಕೀಲಿಯನ್ನು ಹಿಡಿದು ಕೆಳಬಾಣವನ್ನು ಒಮ್ಮೆ ಒತ್ತಿ. ಗೆರೆ ಕೆಳಗಿನ ಸ್ಟಾಫ್‌ಗೆ ತಾನೇ ಜಿಗಿದು ಅಲ್ಲಿಯ ಗುಚ್ಛದ ಕೆಳಸ್ವರಕ್ಕೆ ಹೋಗಿ ನಿಲ್ಲುತ್ತದೆ. ಎಡಗೈಯ ಗುಚ್ಛವೂ ಅದೇ ಮಾತ್ರೆಯಲ್ಲಿ ಆರಂಭವಾಗಿರಬೇಕು ಎಂಬುದನ್ನು ಮರೆಯಬೇಡಿ.

ಎಳೆಯುವುದಕ್ಕೂ ಜಿಗಿಸುವುದಕ್ಕೂ ಇರುವ ವ್ಯತ್ಯಾಸ ಚಿತ್ರಕ್ಕೂ ಸಂಬಂಧಕ್ಕೂ ಇರುವ ವ್ಯತ್ಯಾಸ. ಎಳೆದಾಗ ಗೆರೆಯ ಚಿತ್ರ ಉದ್ದವಾಗುತ್ತದೆ, ಅಷ್ಟೇ. ಎಡಗೈಯ ಸ್ವರಗಳು ತನಗೆ ಸೇರಿದವೆಂಬ ಸುದ್ದಿ ತಂತ್ರಾಂಶಕ್ಕೆ ಮುಟ್ಟಿರುವುದಿಲ್ಲ. ನೀವು 3ನೆಯ ಸರಣಿಯ ಆವೃತ್ತಿಯಲ್ಲಿದ್ದರೆ 4.2 ಅಥವಾ ಅದರ ಮುಂದಿನದಕ್ಕೆ ಬನ್ನಿ. 2023ರ ಡಿಸೆಂಬರ್‌ನಲ್ಲಿ ಬಂದ 4.2ರಲ್ಲಿ ಆರ್ಪೆಜಿಯೊದ ಜೋಡಣೆಯನ್ನೂ ಧ್ವನಿಯನ್ನೂ ಸಾಕಷ್ಟು ಸುಧಾರಿಸಿದ್ದಾರೆ.

ವಿದ್ಯಾಗಿರಿ ಲಿಲಿಪಾಂಡ್ (ಬಾಗಲಕೋಟೆ)

ಮೇಲಿನವರು ಹೇಳಿದ ಚಿತ್ರ ಮತ್ತು ಸಂಬಂಧದ ಮಾತು, ಸ್ವರಗಳನ್ನು ಪಠ್ಯವಾಗಿ ಟೈಪ್ ಮಾಡುವ ಲಿಲಿಪಾಂಡ್ ತಂತ್ರಾಂಶದಲ್ಲಿ ಇನ್ನೂ ಬಿಚ್ಚಿಟ್ಟಂತೆ ಕಾಣುತ್ತದೆ, ಏಕೆಂದರೆ ಅಲ್ಲಿ ಎಳೆಯಲು ಇಲಿಯೇ ಇಲ್ಲ. ಸ್ವರಗಳನ್ನು ಕೋನಾವರಣದೊಳಗೆ ಬರೆದು, ಅದರ ಬೆನ್ನಿಗೇ ಬ್ಯಾಕ್‌ಸ್ಲ್ಯಾಶ್ ಸಹಿತ ಆರ್ಪೆಜಿಯೊ ಎಂಬ ಆಜ್ಞೆಯನ್ನು ಬರೆಯುತ್ತೇವೆ. ಎರಡೂ ಕೈಗಳಿಗೆ ಬರೆದರೆ ಎರಡು ಬಿಡಿ ಗೆರೆಗಳು ಬರುತ್ತವೆ. ಅವು ಕೂಡಿಕೊಳ್ಳಬೇಕಾದರೆ ಪಿಯಾನೊಸ್ಟಾಫ್ ಎಂಬ ಹೊರಚೌಕಟ್ಟಿಗೆ ಕನೆಕ್ಟ್‌ಆರ್ಪೆಜಿಯೋಸ್ ಎಂಬ ಗುಣವನ್ನು ನಿಜ ಎಂದು ಹೊಂದಿಸಬೇಕು. ಕೆಲಸ ಮುಗಿದ ಮೇಲೆ ಸುಳ್ಳು ಎಂದು ತಿರುಗಿಸಬೇಕು. ತಿರುಗಿಸುವುದನ್ನು ಮರೆತರೆ ಮುಂದಿನ ಪುಟದಲ್ಲಿ ಬಿಡಿಯಾಗಿ ಇರಬೇಕಾದ ಜೋಡಿಗಳೂ ಕೂಡಿಕೊಂಡುಬಿಡುತ್ತವೆ. ಒಮ್ಮೆ ಇಡೀ ಒಂದು ರಚನೆಯನ್ನು ಹಾಗೆ ಮುದ್ರಿಸಿ, ಹಂಚಿದ ಮೇಲೆ ನೋಡಿಕೊಂಡವನು ನಾನು.

ಫ್ಲ್ಯಾಟ್ ಗುರುತುಗಳ ಬಗ್ಗೆ ಒಂದು ಮಾತು. ಅಲೆಗೆರೆಯ ಸ್ಥಾನ ಸ್ವರದ ಪಕ್ಕದಲ್ಲಲ್ಲ, ಗುಚ್ಛದಲ್ಲಿರುವ ಶಾರ್ಪ್, ಫ್ಲ್ಯಾಟ್‌ಗಳೆಲ್ಲದರ ಎಡಕ್ಕೆ. ಗುಚ್ಛಕ್ಕೆ ಮೊದಲು ಕಣಸ್ವರದಂಥ ಚಿಕ್ಕ ಸ್ವರಗಳಿದ್ದರೆ ಅಲೆಗೆರೆ ಆ ಚಿಕ್ಕ ಸ್ವರಗಳಿಗೂ ಮುಖ್ಯ ಗುಚ್ಛಕ್ಕೂ ನಡುವೆ ಬರುತ್ತದೆ. ತಂತ್ರಾಂಶ ತಾನಾಗಿಯೇ ಹೀಗೆ ಇಡುತ್ತದೆ. ನಿಮ್ಮದು ಫ್ಲ್ಯಾಟ್‌ಗಳ ಮೇಲೆ ಕುಳಿತಿದ್ದರೆ ಅದನ್ನು ಅರಿಯದೆ ಕೈಯಿಂದ ಸರಿಸಿರುವ ಸಾಧ್ಯತೆಯೇ ಹೆಚ್ಚು; ಚಿಹ್ನೆಯನ್ನು ಆರಿಸಿ, ಸ್ಥಾನವನ್ನು ಮೂಲಸ್ಥಿತಿಗೆ ಮರಳಿಸಿ ನೋಡಿ.

ಪೇಟಿ ಮಾಸ್ತರ (ಬೆಳಗಾವಿ)

ಫ್ಲ್ಯಾಟ್‌ಗಳನ್ನು ಸರಿಸುವ ಮುನ್ನ ಅವು ಅಲ್ಲಿ ಬೇಕೇ ಎಂದು ಕೇಳಿಕೊಳ್ಳಬೇಕಿತ್ತು. ಭೀಮಪಲಾಸ ಕಾಫಿ ಎಂಬ ಥಾಟಿನ (ಸ್ವರಮೇಳದ) ರಾಗ. ಸಾ ಸ್ವರ ಸಿ ಆದಾಗ ಕಾಫಿಯ ಕೋಮಲ ಗ ಇ ಫ್ಲ್ಯಾಟ್ ಆಗುತ್ತದೆ, ಕೋಮಲ ನಿ ಬಿ ಫ್ಲ್ಯಾಟ್ ಆಗುತ್ತದೆ, ಉಳಿದವೆಲ್ಲ ಬಿಳಿ ಮನೆಗಳು. ಪಂಕ್ತಿಯ ಆರಂಭದಲ್ಲಿ ಎರಡು ಫ್ಲ್ಯಾಟ್‌ಗಳ ಕೀ ಸಿಗ್ನೇಚರ್ ಹಾಕಿಬಿಟ್ಟರೆ ರಚನೆಯುದ್ದಕ್ಕೂ ಒಂದೇ ಒಂದು ಫ್ಲ್ಯಾಟ್ ಗುರುತೂ ಸ್ವರಗಳ ಮುಂದೆ ಬರುವುದಿಲ್ಲ. ಎರಡು ಫ್ಲ್ಯಾಟ್ ಎಂದರೆ ಬಿ ಫ್ಲ್ಯಾಟ್ ಮೇಜರ್ ಅಥವಾ ಜಿ ಮೈನರ್ ಅಲ್ಲವೇ ಎಂದು ಪಾಶ್ಚಾತ್ಯ ಸಂಗೀತ ಓದಿದವರು ಹುಬ್ಬೇರಿಸಬಹುದು. ಅವರದೇ ಹಳೆಯ ಡೋರಿಯನ್ ಮೋಡ್ ಇದು ಎಂದರೆ ಸುಮ್ಮನಾಗುತ್ತಾರೆ.

ಇನ್ನು ಅಲೆಗೆರೆಯ ಬಗ್ಗೆ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವಾಗ ಒಂದು ಕೈ ಗಾಳಿಯೂದುವ ಭಾತೆಯ ಮೇಲಿರುತ್ತದೆ, ಆದ್ದರಿಂದ ಎರಡು ಸ್ಟಾಫ್ ದಾಟುವ ಗೆರೆ ನಮ್ಮ ಪಾಲಿಗೆ ಬಂದದ್ದೇ ಇಲ್ಲ. ಹಾಗೆ ನೋಡಿದರೆ ಸ್ವರಗುಚ್ಛವೇ ನಮ್ಮದಲ್ಲ. ಹಿಂದುಸ್ತಾನಿಯ ಭಾತಖಂಡೆ ಲಿಪಿಯಲ್ಲಿ ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ, ಕಮಾನು ಇದೆ, ಕಣಸ್ವರವನ್ನು ಚಿಕ್ಕದಾಗಿ ಮೇಲೆ ಬರೆಯುವ ಕ್ರಮವಿದೆ, ಆದರೆ ಆರು ಸ್ವರಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿ ಅರಳಿಸುವ ಗುರುತಿಗೆ ಅಲ್ಲಿ ಕೆಲಸವೇ ಇಲ್ಲ. ಆದರೂ ಆ ನಾದ ನಮಗೆ ಹೊಸತಲ್ಲ. ಖಯಾಲ್ ಹಾಡುವವರು ತೊಡೆಯ ಮೇಲೆ ಸ್ವರಮಂಡಲ ಇಟ್ಟುಕೊಂಡು ಬೆರಳನ್ನು ಒಮ್ಮೆ ತಂತಿಗಳ ಮೇಲೆ ಸವರುತ್ತಾರಲ್ಲ, ಅದು ನಿಮ್ಮ ಅಲೆಗೆರೆಯೇ. ನಿಮ್ಮ ಮಕ್ಕಳಿಗೆ ಹಾರ್ಪ್ ಎಂದರೆ ತಿಳಿಯುವುದಿಲ್ಲ, ಸ್ವರಮಂಡಲ ತೋರಿಸಿದರೆ ತಕ್ಷಣ ತಿಳಿಯುತ್ತದೆ. ಆರ್ಪೆಜಿಯೊ ಎಂಬ ಇಟಾಲಿಯನ್ ಪದದಲ್ಲಿ ಅಡಗಿರುವುದೂ ಹಾರ್ಪ್ ವಾದ್ಯವೇ.

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಮೂವರಿಗೂ ಕೃತಜ್ಞತೆಗಳು. ಹೊಸ ಆವೃತ್ತಿ ಹಾಕಿಕೊಂಡೆ, ಶಿಫ್ಟ್ ಮತ್ತು ಕೆಳಬಾಣ ಒತ್ತಿದೆ, ಆರು ಸ್ವರಗಳೂ ಸಾಲಾಗಿ ಅರಳಿದವು. ಕೀ ಸಿಗ್ನೇಚರ್ ಹಾಕಿದ ಕೂಡಲೇ ಪುಟವೇ ಹಗುರವಾಯಿತು; ಇಷ್ಟು ದಿನ ಪ್ರತಿ ಗ ಮತ್ತು ನಿ ಮುಂದೆ ಫ್ಲ್ಯಾಟ್ ಒತ್ತುತ್ತ ಕುಳಿತಿದ್ದೆನಲ್ಲ ಎಂದು ನಗು ಬಂತು.

ಆದರೆ ಒಂಬತ್ತನೆಯ ಬಾರ್‌ನಲ್ಲಿ ಹೊಸ ತೊಡಕು ಎದ್ದಿದೆ. ಅಲ್ಲಿಯೂ ಅದೇ ಆರು ಸ್ವರಗಳು. ವ್ಯತ್ಯಾಸವೆಂದರೆ ತಾರ ಸಾ ಎರಡು ಮಾತ್ರೆ ನಿಲ್ಲಬೇಕು, ಅದರ ಕೆಳಗಿನ ಗ ಮತ್ತು ಪ ಒಂದೇ ಮಾತ್ರೆ. ಅದಕ್ಕಾಗಿ ಬಲಗೈಯಲ್ಲಿ ಎರಡು ವಾಯ್ಸ್‌ಗಳನ್ನು, ಅಂದರೆ ಒಂದೇ ಸ್ಟಾಫ್‌ನಲ್ಲಿ ತಮ್ಮ ತಮ್ಮ ಕಾಲಮಾನದಲ್ಲಿ ಸಾಗುವ ಎರಡು ಎಳೆಗಳನ್ನು, ಬಳಸಿದ್ದೇನೆ: ಸಾ ಮೊದಲ ವಾಯ್ಸ್‌ನಲ್ಲಿ ಕಡ್ಡಿ ಮೇಲಾಗಿ, ಗ ಮತ್ತು ಪ ಎರಡನೆಯದರಲ್ಲಿ ಕಡ್ಡಿ ಕೆಳಗಾಗಿ. ಅಲೆಗೆರೆಯನ್ನು ಹಾಕಿದರೆ ಅದು ಗ ಮತ್ತು ಪ ಸ್ವರಗಳನ್ನು ಮಾತ್ರ ಅಪ್ಪಿಕೊಂಡು, ಸಾ ಸ್ವರವನ್ನು ಹೊರಗೆ ಬಿಡುತ್ತದೆ. ಸಾ ಮೊದಲೇ ಕೂಗಿಬಿಡುತ್ತದೆ, ಉಳಿದವು ಅದರ ಹಿಂದೆ ಓಡುತ್ತವೆ.

ಕ್ಯಾಂಪ್ ಗಾಯನವೃಂದ (ಬೆಳಗಾವಿ)

ಚಿಹ್ನೆ ಸೇರುವುದು ನೀವು ಆರಿಸಿದ ಸ್ವರದ ವಾಯ್ಸ್‌ಗೆ. ಈಗಿರುವ ಗೆರೆಯನ್ನು ಅಳಿಸಿ, ಕಂಟ್ರೋಲ್ ಕೀಲಿ ಹಿಡಿದು ಮೊದಲ ವಾಯ್ಸ್‌ನ ಸಾ ಸ್ವರವನ್ನೂ ಎರಡನೆಯ ವಾಯ್ಸ್‌ನ ಗ ಸ್ವರವನ್ನೂ ಒಟ್ಟಿಗೆ ಆರಿಸಿ, ಆಮೇಲೆ ಪ್ಯಾಲೆಟ್‌ನ ಅಲೆಗೆರೆಯನ್ನು ಕ್ಲಿಕ್ ಮಾಡಿ. ಎರಡು ವಾಯ್ಸ್‌ಗಳನ್ನು ದಾಟುವ ಒಂದೇ ಗೆರೆ ಬರಬೇಕು. ಅನಂತರ ಅದನ್ನು ಎಡಗೈಗೆ ಇಳಿಸಿ.

ವಿದ್ಯಾಗಿರಿ ಲಿಲಿಪಾಂಡ್ (ಬಾಗಲಕೋಟೆ)

ಲಿಲಿಪಾಂಡ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರ ಅನುಕೂಲಕ್ಕೆ ಹೇಳುತ್ತೇನೆ: ಒಂದೇ ಸ್ಟಾಫ್‌ನ ಎರಡು ವಾಯ್ಸ್‌ಗಳನ್ನು ಕೂಡಿಸಬೇಕಾದರೆ ಸ್ಪ್ಯಾನ್ ಆರ್ಪೆಜಿಯೊ ಎನ್‌ಗ್ರೇವರ್ ಎಂಬ ಘಟಕವನ್ನು ಸ್ಟಾಫ್ ಚೌಕಟ್ಟಿಗೆ ಸೇರಿಸಿ, ಕನೆಕ್ಟ್‌ಆರ್ಪೆಜಿಯೋಸ್ ಗುಣವನ್ನೂ ಅದೇ ಸ್ಟಾಫ್‌ಗೆ ಹೊಂದಿಸಬೇಕು. ಆ ಘಟಕ ಮೊದಲಿನಿಂದ ಇರುವುದು ಪಿಯಾನೊಸ್ಟಾಫ್‌ನಂಥ ಹೊರಚೌಕಟ್ಟುಗಳಲ್ಲಿ, ಬಿಡಿ ಸ್ಟಾಫ್‌ನಲ್ಲಿ ಅಲ್ಲ. ಗುಣವನ್ನಷ್ಟೇ ಹೊಂದಿಸಿ, ಘಟಕವನ್ನು ಸೇರಿಸದೆ, ಯಾಕೆ ಕೂಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಸಾಮಾನ್ಯ.

ಪೇಟಿ ಮಾಸ್ತರ (ಬೆಳಗಾವಿ)

ಗೆರೆಗಳು ಕೂಡಿದವು, ಸಂತೋಷ. ಆದರೆ ಯಾರೂ ಕೇಳದ ಪ್ರಶ್ನೆಯೊಂದು ಉಳಿದಿದೆ. ನಿಮ್ಮ ರಚನೆ ನಾಲ್ಕು ಮಾತ್ರೆಯ ಬಾರ್‌ಗಳಲ್ಲಿದೆ ಎಂದಾದರೆ, ನಾಲ್ಕು ಬಾರ್‌ಗಳಿಗೆ ತೀನ್‌ತಾಲದ ಹದಿನಾರು ಮಾತ್ರೆಗಳ ಒಂದು ಆವರ್ತನ ಮುಗಿಯುತ್ತದೆ. ಒಂಬತ್ತನೆಯ ಬಾರ್‌ನ ಮೊದಲ ಮಾತ್ರೆ ಮೂರನೆಯ ಆವರ್ತನದ ಸಮ್, ಅಂದರೆ ಅದು ಹೊರಡುವ ಮೊದಲ ಪೆಟ್ಟು. ತಬಲಾದವನು ಅಲ್ಲಿ ಧಾ ಹೊಡೆಯುತ್ತಾನೆ. ನಿಮ್ಮ ಆರು ಸ್ವರಗಳಲ್ಲಿ ಯಾವುದು ಆ ಧಾ ಜೊತೆಗೆ ಬೀಳಬೇಕು? ತೀರ ಕೆಳಗಿನ ಸಾ ಬೀಳುತ್ತದೆ ಎಂದರೆ ರಾಗದ ಎಳೆಯನ್ನು ಹಿಡಿದ ತಾರ ಸಾ ಸಮ್ ದಾಟಿದ ಮೇಲೆ ಬರುತ್ತದೆ. ಹಾಡುಗಾರ ಹೀಗೆ ಬಂದರೆ ಅವನನ್ನು ತಾಳ ತಪ್ಪಿದವನೆನ್ನುತ್ತೇವೆ.

ಕ್ಯಾಂಪ್ ಗಾಯನವೃಂದ (ಬೆಳಗಾವಿ)

ಇದು ಪಿಯಾನೊದವರಲ್ಲೂ ಹಳೆಯ ವಾದವೇ. ಬರೊಕ್ ಕಾಲದ ಕೀಲಿವಾದ್ಯಗಳ ಸಂಗೀತದಲ್ಲಿ ಅಲೆ ಮಾತ್ರೆಯ ಮೇಲೆ ಆರಂಭವಾಗುವುದು ವಾಡಿಕೆ: ಕೆಳಸ್ವರ ಮಾತ್ರೆಗೆ ಬೀಳುತ್ತದೆ, ಉಳಿದವು ಅದರ ಮೇಲೆ ಏರುತ್ತವೆ. ಹತ್ತೊಂಬತ್ತನೆಯ ಶತಮಾನದ ಪಿಯಾನೊ ಸಂಗೀತಕ್ಕೆ ಬಂದರೆ ಅಲೆಯನ್ನು ಮಾತ್ರೆಗೆ ಮೊದಲೇ ಹೊರಡಿಸಿ, ಮೇಲಿನ ರಾಗಸ್ವರವನ್ನು ಮಾತ್ರೆಗೆ ತಂದು ಮುಟ್ಟಿಸುವುದು ಹಲವೆಡೆ ಒಪ್ಪುತ್ತದೆ. ಚಿಹ್ನೆ ಮಾತ್ರ ಎರಡಕ್ಕೂ ಒಂದೇ. ಅದು ಕ್ರಮವನ್ನು ಹೇಳುತ್ತದೆ, ಗಳಿಗೆಯನ್ನು ಹೇಳುವುದಿಲ್ಲ.

ಹಾಗಿದ್ದರೂ ನಾನು ಮಾಸ್ತರರ ಮಾತನ್ನು ಪೂರ್ತಿ ಒಪ್ಪಲಾರೆ. ಮೊದಲ ಬಾರ್‌ನಲ್ಲಿ ತಬಲಾ ಇಲ್ಲ, ಕೇಳುವವರ ಕಿವಿಯಲ್ಲಿ ಇನ್ನೂ ಲಯ ಹುಟ್ಟಿಲ್ಲ. ಅಲ್ಲಿ ಕೆಳಸ್ವರದಿಂದಲೇ ಮಾತ್ರೆ ಆರಂಭವಾದರೆ ಏನೂ ಕೆಡುವುದಿಲ್ಲ. ಒಂಬತ್ತನೆಯ ಬಾರ್‌ನ ಮಾತು ಬೇರೆ.

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಒಂಬತ್ತನೆಯ ಬಾರ್‌ನಲ್ಲಿ ಲಯವೂ ಇಮ್ಮಡಿಯಾಗುತ್ತದೆ ಎಂಬುದನ್ನು ಹೇಳಲು ಮರೆತಿದ್ದೆ. ಮೊದಲ ಎಂಟು ಬಾರ್‌ಗಳು ನಿಮಿಷಕ್ಕೆ 60 ಮಾತ್ರೆ, ಅಲ್ಲಿಂದ ಮುಂದೆ 120.

ವಿದ್ಯಾಗಿರಿ ಲಿಲಿಪಾಂಡ್ (ಬಾಗಲಕೋಟೆ)

ಹಾಗಾದರೆ ಲೆಕ್ಕವೇ ಮಾತನಾಡಲಿ. ಆರು ಸ್ವರಗಳ ನಡುವೆ ಐದು ಅಂತರಗಳಿವೆ. ಒಂದೊಂದು ಅಂತರವನ್ನು 60 ಮಿಲಿಸೆಕೆಂಡ್ ಎಂದು ಇಟ್ಟುಕೊಂಡರೆ, ಮೊದಲ ಸ್ವರ ಹೊರಟ 300 ಮಿಲಿಸೆಕೆಂಡಿಗೆ ಕೊನೆಯದು ಕೇಳುತ್ತದೆ. ಮೊದಲ ಬಾರ್‌ನಲ್ಲಿ ಒಂದು ಮಾತ್ರೆ ಎಂದರೆ ಪೂರ್ತಿ ಒಂದು ಸೆಕೆಂಡು. ಅದರಲ್ಲಿ ಹತ್ತನೆಯ ಮೂರು ಭಾಗ ಅಲೆಗೆ ಹೋದರೆ ಅದು ಆರಾಮವಾಗಿ ಅರಳಿದಂತೆ ಕೇಳುತ್ತದೆ. ಒಂಬತ್ತನೆಯ ಬಾರ್‌ನಲ್ಲಿ ಮಾತ್ರೆ ಅರ್ಧ ಸೆಕೆಂಡು. ಅದೇ ಅಲೆ ಅಲ್ಲಿ ಐದರಲ್ಲಿ ಮೂರು ಭಾಗ ನುಂಗುತ್ತದೆ. ತಾರ ಸಾ ಸಮ್ ಮೇಲೂ ಇಲ್ಲ, ಮುಂದಿನ ಮಾತ್ರೆಯ ಮೇಲೂ ಇಲ್ಲ, ನಡುದಾರಿಯಲ್ಲಿ ಎಲ್ಲೋ ಇರುತ್ತದೆ. ಮಾಸ್ತರರ ಕಿವಿ ಇದನ್ನು ಲೆಕ್ಕವಿಲ್ಲದೆಯೇ ಹಿಡಿದಿದೆ.

ಆದ್ದರಿಂದ ಎರಡು ಬಾರ್‌ಗಳಿಗೂ ಒಂದೇ ಹೊಂದಿಕೆ ಸಾಲದು. ಮ್ಯೂಸ್‌ಸ್ಕೋರ್‌ನಲ್ಲಿ ಅಲೆಗೆರೆಯನ್ನು ಆರಿಸಿದಾಗ ಗುಣಗಳ ಫಲಕದಲ್ಲಿ ಸ್ಟ್ರೆಚ್ ಎಂಬ ಸಂಖ್ಯೆ ಸಿಗುತ್ತದೆ, ಮೂಲದಲ್ಲಿ 1 ಇರುತ್ತದೆ. ಅದನ್ನು ಇಳಿಸಿದಷ್ಟೂ ಅಲೆ ಬಿಗಿಯಾಗುತ್ತದೆ. ಡೋರಿಕೊ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶ ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಅಲೆ ಮಾತ್ರೆಯ ಮೇಲೆ ಆರಂಭವಾಗಬೇಕೇ ಅಥವಾ ಮಾತ್ರೆಯ ಮೇಲೆ ಮುಗಿಯಬೇಕೇ ಎಂಬುದನ್ನು ಅಲ್ಲಿ ಆರಿಸಿಕೊಳ್ಳಬಹುದು.

ಪೇಟಿ ಮಾಸ್ತರ (ಬೆಳಗಾವಿ)

ಅವರು ಬಳಸುತ್ತಿರುವುದು ಡೋರಿಕೊ ಅಲ್ಲವಲ್ಲ.

ಕ್ಯಾಂಪ್ ಗಾಯನವೃಂದ (ಬೆಳಗಾವಿ)

ಅಲ್ಲ. ಆದರೆ ಹಳೆಯ ಉಪಾಯವೊಂದಿದೆ. ಕಾಣುವ ಗುಚ್ಛದ ಸ್ವರಗಳಿಗೆ ಧ್ವನಿ ಬೇಡವೆಂದು ಗುರುತು ತೆಗೆದುಬಿಡಿ. ಬೇರೆ ಒಂದು ಪಿಯಾನೊ ಭಾಗವನ್ನು ಸೇರಿಸಿ, ಎಂಟನೆಯ ಬಾರ್‌ನ ಕೊನೆಯ ಮಾತ್ರೆಯ ತುದಿಯಲ್ಲಿ ಐದು ಚಿಕ್ಕ ಸ್ವರಗಳನ್ನು ನಿಜವಾದ ಕಾಲಮಾನದಲ್ಲೇ ಬರೆದು, ಅವನ್ನು ಒಂಬತ್ತನೆಯ ಬಾರ್‌ಗೆ ಟೈ ಎಂಬ ಕೂಡುಗೆರೆಯ ಮೂಲಕ ಹಿಡಿಸಿ, ತಾರ ಸಾ ಸ್ವರವನ್ನು ಸರಿಯಾಗಿ ಸಮ್ ಮೇಲೆ ಇಡಿ. ಆಮೇಲೆ ಆ ಭಾಗವನ್ನು ಮರೆಮಾಡಿ. ಕಾಗದದ ಮೇಲೆ ಸರಳವಾದ ಅಲೆಗೆರೆ, ಕಿವಿಗೆ ಮಾಸ್ತರರ ಅಲೆ. ಮಕ್ಕಳು ಅಭ್ಯಾಸಕ್ಕೆಂದು ಧ್ವನಿ ಕಡತವನ್ನು ಮನೆಗೆ ಒಯ್ಯುತ್ತಾರಾದರೆ ಮಾತ್ರ ಈ ಕಷ್ಟ ತೆಗೆದುಕೊಳ್ಳಿ. ಕಾಗದ ಮಾತ್ರ ಕೊಡುವುದಾದರೆ ಅಲೆ ಸಮ್‌ಗಿಂತ ಮೊದಲು ಹೊರಡಲಿ ಎಂದು ಮೇಲೆ ಒಂದು ಸಾಲು ಬರೆದರೆ ಸಾಕು.

ಪೆಡಲ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅಲೆ ಮೊದಲೇ ಹೊರಟಾಗ ಹೆಚ್ಚಿನವರು ಎಡವುವುದು ಅಲ್ಲಿಯೇ. ಸಮ್ ಮೇಲೆ ಪೆಡಲ್ ಬದಲಿಸುವ ಅಭ್ಯಾಸವಿರುವ ಮಗು, ಅಲೆ ಅದಕ್ಕೂ ಮೊದಲು ಹೊರಟು ಎಡಗೈ ಕೀಲಿಯನ್ನು ಬಿಟ್ಟಿದ್ದರೆ, ಮಂದ್ರದ ಸಾ ಸ್ವರವನ್ನು ತನ್ನ ಕಾಲಿನಿಂದಲೇ ಅಳಿಸಿಬಿಡುತ್ತದೆ. ಗುಚ್ಛದ ಬುಡವೇ ಹೋಗಿ ತುದಿ ಮಾತ್ರ ಉಳಿಯುತ್ತದೆ. ಪೆಡಲ್ ಗುರುತನ್ನು ಅಲೆಯ ಮೊದಲ ಸ್ವರದ ಕೆಳಗೇ ಇಡಬೇಕು.

ಗುಮ್ಮಟದೂರಿನ ಗಿಟಾರ್ (ವಿಜಯಪುರ)

ಎಲ್ಲ ಓದಿದೆ. ಗಿಟಾರ್ ನುಡಿಸುವವನಾಗಿ ಬಾಣಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸಿತು, ಏಕೆಂದರೆ ಪ್ಯಾಲೆಟ್‌ನಲ್ಲಿ ಸಾದಾ ಅಲೆಗೆರೆಯ ಪಕ್ಕದಲ್ಲೇ ಮೇಲ್ಬಾಣದ್ದು, ಕೆಳಬಾಣದ್ದು, ಅಲೆಯಿಲ್ಲದ ನೇರ ಬಾಣದ್ದು ಮತ್ತು ಚೌಕ ಕಂಸದ್ದು ಇವೆ. ಚೆಂದ ಕಾಣುತ್ತದೆಂದು ಯಾವುದನ್ನೋ ಆರಿಸುವವರನ್ನು ನೋಡಿದ್ದೇನೆ.

ಬಾಣವಿಲ್ಲದ ಅಲೆಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಎಂದೇ ಓದುವುದು ರೂಢಿ, ಆದ್ದರಿಂದ ಮೇಲ್ಬಾಣ ಸಾಮಾನ್ಯವಾಗಿ ಅನಗತ್ಯ. ಒಂದು ಕಡೆ ಕೆಳಬಾಣ ಬಂದ ಮೇಲೆ ಮತ್ತೆ ಮೇಲಕ್ಕೆ ಹೋಗಬೇಕಾದಾಗ ಮಾತ್ರ, ಗೊಂದಲವಾಗದಿರಲೆಂದು ಮೇಲ್ಬಾಣ ಹಾಕಬೇಕು. ಚೌಕ ಕಂಸದ ಅರ್ಥ ಇದಕ್ಕೆ ತೀರ ವಿರುದ್ಧ: ಈ ಸ್ವರಗಳನ್ನು ಅರಳಿಸಬೇಡ, ಒಟ್ಟಿಗೇ ನುಡಿಸು.

ಗಿಟಾರಿನಲ್ಲಿ ಇದಕ್ಕೆ ಇನ್ನೊಂದು ಸುಳಿ ಇದೆ. ಸಿ ಮೇಜರ್ ಹಿಡಿತವನ್ನೇ ತೆಗೆದುಕೊಳ್ಳಿ. ಐದನೆಯ ತಂತಿಯಲ್ಲಿ ಸಿ, ನಾಲ್ಕನೆಯದರಲ್ಲಿ ಇ, ಮೂರನೆಯದು ಖಾಲಿ ಜಿ, ಎರಡನೆಯದರಲ್ಲಿ ಸಿ, ಒಂದನೆಯದು ಖಾಲಿ ಇ. ಕಾಗದದ ಮೇಲೆ ಮೇಲ್ಬಾಣ ಎಂದರೆ ತಗ್ಗಿನ ಸ್ವರದಿಂದ ಏರುಸ್ವರಕ್ಕೆ. ಆದರೆ ವಾದ್ಯ ಮಡಿಲಲ್ಲಿದ್ದಾಗ ತಗ್ಗಿನ ತಂತಿ ನಮ್ಮ ಮುಖದ ಕಡೆಗಿರುತ್ತದೆ, ಏರು ತಂತಿ ನೆಲದ ಕಡೆಗಿರುತ್ತದೆ. ಕಾಗದದ ಬಾಣ ಮೇಲೆ ಹೋದಾಗ ಕೈ ಕೆಳಗೆ ಹೋಗಬೇಕು. ಕಲಿಯುವವರು ಬಾಣವನ್ನು ಕೈಯ ದಿಕ್ಕು ಎಂದು ತಿಳಿದು ಪೂರ್ತಿ ತಿರುವುಮುರುವಾಗಿ ಮೀಟುತ್ತಾರೆ. ಅದಕ್ಕೇ ನಾನು ಗಿಟಾರ್ ಭಾಗದಲ್ಲಿ ಬಾಣದ ಅಲೆಗೆರೆ ಹಾಕಿದ ಕಡೆ ಕೆಳಮೀಟು, ಮೇಲ್ಮೀಟುಗಳ ಪ್ರತ್ಯೇಕ ಗುರುತುಗಳನ್ನು ಜೊತೆಗೆ ಬರೆಯುವುದಿಲ್ಲ. ಎರಡನ್ನೂ ಬರೆದರೆ ಪ್ರತಿ ಬಾರ್‌ನಲ್ಲೂ ಯಾರಾದರೊಬ್ಬರು ಕೈಯೆತ್ತಿ ಪ್ರಶ್ನೆ ಕೇಳುತ್ತಾರೆ.

ಇನ್ನೊಂದು ವಿನಂತಿ. ಈ ರಚನೆಯ ಕಡತ ನನಗೂ ಸಿಗಬಹುದೇ? ನಾನು ಬೇರೆ ತಂತ್ರಾಂಶ ಬಳಸುತ್ತೇನೆ.

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಖಂಡಿತ. ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಮ್ಯೂಸಿಕ್ ಎಕ್ಸ್‌ಎಂಎಲ್ ರೂಪದಲ್ಲಿ ಕಳುಹಿಸಿದ್ದೇನೆ.

ಗುಮ್ಮಟದೂರಿನ ಗಿಟಾರ್ (ವಿಜಯಪುರ)

ತೆರೆದೆ. ಮೊದಲ ಬಾರ್‌ನ ಅಲೆಗೆರೆ ನನ್ನಲ್ಲಿ ಮತ್ತೆ ಎರಡು ತುಂಡಾಗಿದೆ. ಒಂಬತ್ತನೆಯದರಲ್ಲಿ ಬಲಗೈಗೆ ಮಾತ್ರ ಇದೆ.

ವಿದ್ಯಾಗಿರಿ ಲಿಲಿಪಾಂಡ್ (ಬಾಗಲಕೋಟೆ)

ಇದು ಎರಡು ತಂತ್ರಾಂಶಗಳ ನಡುವಿನ ಗಡಿಯಲ್ಲಿ ಆಗುವ ಸೋರಿಕೆ, ಮತ್ತು ಯಾವ ಕಡೆಯಲ್ಲಿ ಸೋರಿತೆಂದು ಕಣ್ಣಾರೆ ನೋಡಬಹುದು. ಕಡತವನ್ನು ಸಂಕುಚಿತವಲ್ಲದ ರೂಪದಲ್ಲಿ ಉಳಿಸಿ, ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆಯಿರಿ. ಸಂಕುಚಿತ ರೂಪ ಜಿಪ್ ಪೊಟ್ಟಣವಾದ್ದರಿಂದ ನೇರವಾಗಿ ಓದಲು ಬರುವುದಿಲ್ಲ.

ಒಳಗೆ ಪ್ರತಿ ಸ್ವರಕ್ಕೂ ನೋಟ್ ಎಂಬ ಒಂದೊಂದು ಕಟ್ಟು ಇರುತ್ತದೆ. ಅಲೆಗೆರೆ ಎಂಬ ಪ್ರತ್ಯೇಕ ವಸ್ತು ಅಲ್ಲಿ ಎಲ್ಲೂ ಇಲ್ಲ. ಅಲೆಗೆ ಸೇರಿದ ಸ್ವರದ ಕಟ್ಟಿನೊಳಗೆ, ನೊಟೇಶನ್ಸ್ ಎಂಬ ಭಾಗದಲ್ಲಿ, ಆರ್ಪೆಜಿಯೇಟ್ ಎಂಬ ಗುರುತು ಕೂರುತ್ತದೆ. ನಿಮ್ಮ ಮೊದಲ ಬಾರ್‌ನಲ್ಲಿ ಆರೂ ಸ್ವರಗಳಿಗೆ ಆ ಗುರುತು ಇರಬೇಕು. ಆ ಗುರುತಿಗೆ ನಂಬರ್ ಎಂಬ ಗುಣವೊಂದಿದೆ: ಒಂದೇ ಕ್ಷಣದ ಎರಡು ಗುಚ್ಛಗಳಿಗೆ ಒಂದೇ ಸಂಖ್ಯೆಯಿದ್ದರೆ ಅವು ಕೂಡಿ ಅರಳುತ್ತವೆ, ಬೇರೆ ಬೇರೆ ಸಂಖ್ಯೆಗಳಿದ್ದರೆ ಬಿಡಿಯಾಗಿ ಅರಳುತ್ತವೆ. ಮ್ಯೂಸಿಕ್ ಎಕ್ಸ್‌ಎಂಎಲ್‌ನ 2021ರ 4.0 ಆವೃತ್ತಿಯಲ್ಲಿ ಇದಕ್ಕೆ ಅನ್‌ಬ್ರೋಕನ್ ಎಂಬ ಇನ್ನೊಂದು ಗುಣವನ್ನೂ ಸೇರಿಸಿದ್ದಾರೆ. ಅಲೆ ಅದೇ ವಾದ್ಯದ ಮತ್ತೊಂದು ಸ್ಟಾಫ್‌ಗೂ ಮುಂದುವರಿಯುತ್ತದೆ ಎಂಬ ಸುಳಿವು ಅದು. ಚೌಕ ಕಂಸಕ್ಕೆ ನಾನ್ ಆರ್ಪೆಜಿಯೇಟ್ ಎಂಬ ಬೇರೆ ಗುರುತೇ ಇದೆ, ಮತ್ತು ಅದನ್ನು ಗುಚ್ಛದ ತುದಿಯ ಮತ್ತು ಬುಡದ ಸ್ವರಗಳಿಗೆ ಕೊಡುತ್ತಾರೆ.

ಈಗ ಎಣಿಸಿ. ಒಂಬತ್ತನೆಯ ಬಾರ್‌ನಲ್ಲಿ ಎಡಗೈಯ ಮೂರು ಸ್ವರಗಳಿಗೆ ಗುರುತೇ ಇಲ್ಲದಿದ್ದರೆ ಸೋರಿಕೆ ಕಳುಹಿಸುವ ಕಡೆ. ಆರಕ್ಕೂ ಒಂದೇ ಸಂಖ್ಯೆಯ ಗುರುತಿದ್ದೂ ಗೆರೆ ತುಂಡಾಗಿದ್ದರೆ ಸೋರಿಕೆ ತೆರೆಯುವ ಕಡೆ.

ಗುಮ್ಮಟದೂರಿನ ಗಿಟಾರ್ (ವಿಜಯಪುರ)

ಎಣಿಸಿದೆ. ಮೊದಲ ಬಾರ್‌ನಲ್ಲಿ ಆರಕ್ಕೂ ಗುರುತಿದೆ, ಸಂಖ್ಯೆ ಯಾವುದಕ್ಕೂ ಇಲ್ಲ. ಒಂಬತ್ತನೆಯದರಲ್ಲಿ ಮೂರಕ್ಕೆ ಮಾತ್ರ ಇದೆ. ಕೈಯಿಂದಲೇ ಆರಕ್ಕೂ ಗುರುತು ಸೇರಿಸಿ, ಸಂಖ್ಯೆ 1 ಎಂದು ಬರೆದು ಉಳಿಸಿದೆ. ಈಗ ಎರಡೂ ಕಡೆ ಗೆರೆ ಕೂಡಿ ಬಂದಿದೆ. ಹತ್ತು ನಿಮಿಷದ ಕೆಲಸ.

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಒಂಬತ್ತನೆಯ ಬಾರ್ ನನ್ನದೇ ತಪ್ಪು. ವಾಯ್ಸ್‌ಗಳನ್ನು ಕೂಡಿಸಿದ ಸಂತೋಷದಲ್ಲಿ ಗೆರೆಯನ್ನು ಎಡಗೈಗೆ ಇಳಿಸುವಾಗ ಮತ್ತೆ ಇಲಿಯಿಂದಲೇ ಎಳೆದಿದ್ದೆ. ಹಳೆಯ ಚಾಳಿ.

ಹಳೆಯ ಕಡತಗಳ ಕಾವಲುಗಾರ (ಜಮಖಂಡಿ)

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಫಿನಾಲೆ ಎಂಬ ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸಲಾಗುವುದೆಂದು 2024ರ ಆಗಸ್ಟ್‌ನಲ್ಲಿ ಘೋಷಣೆಯಾದ ಮೇಲೆ ನನ್ನ ಬಳಿಯಿರುವ ಹಳೆಯ ಕಡತಗಳನ್ನೆಲ್ಲ ಮ್ಯೂಸಿಕ್ ಎಕ್ಸ್‌ಎಂಎಲ್‌ಗೆ ತಿರುಗಿಸಿ ಇಡುತ್ತಿದ್ದೇನೆ. ಈ ಎಣಿಸುವ ಉಪಾಯ ನನಗೆ ಬಹಳ ಉಪಕಾರವಾಯಿತು. ಯಾವ ಚಿಹ್ನೆ ಸ್ವರಕ್ಕೆ ಸೇರಿದೆ, ಯಾವುದು ಬರೀ ಚಿತ್ರವಾಗಿ ಪುಟದ ಮೇಲೆ ತೇಲುತ್ತಿದೆ ಎಂಬುದು ಮೂಲ ತಂತ್ರಾಂಶ ಇನ್ನೂ ತೆರೆಯುತ್ತಿರುವಾಗಲೇ ಗೊತ್ತಾದರೆ ಸರಿಪಡಿಸಬಹುದು. ಚಿತ್ರವಾಗಿ ತೇಲುವುದು ದಾಟುವುದೇ ಇಲ್ಲ.

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಕೊನೆಯದಾಗಿ ಮುದ್ರಣದ ಒಂದು ಸಂಗತಿ. ಮಕ್ಕಳ ಕೀಬೋರ್ಡ್ ಸ್ಟ್ಯಾಂಡಿಗೆ ಚಿಕ್ಕ ಹಾಳೆಯೇ ಹಿಡಿಸುವುದರಿಂದ, ಎ4 ಪುಟವನ್ನು ಖಡೇ ಬಜಾರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಎ5 ಅಳತೆಗೆ ಇಳಿಸಿದೆ. ಅಲೆಗೆರೆ ಈಗ ಅಲೆಯಂತೆ ಕಾಣುವುದಿಲ್ಲ, ದಪ್ಪ ಮಸಿಯ ಗೆರೆಯಂತಿದೆ. ಒಬ್ಬ ಹುಡುಗ ಅದನ್ನು ಬಾರ್‌ನ ಗೆರೆ ಎಂದು ಓದಿ ಒಂದು ಮಾತ್ರೆ ಹೆಚ್ಚು ಎಣಿಸಿದ.

ಕ್ಯಾಂಪ್ ಗಾಯನವೃಂದ (ಬೆಳಗಾವಿ)

ಎ4 ಇಂದ ಎ5ಕ್ಕೆ ಇಳಿಸಿದಾಗ ಎಲ್ಲ ಅಳತೆಗಳೂ ಸುಮಾರು ಶೇ. 71ಕ್ಕೆ ಕುಗ್ಗುತ್ತವೆ. ಮ್ಯೂಸ್‌ಸ್ಕೋರ್‌ನ ಮೂಲ ಅಳತೆಯಲ್ಲಿ ಎರಡು ಗೆರೆಗಳ ನಡುವಿನ ಜಾಗ 1.75 ಮಿಲಿಮೀಟರ್, ಅಂದರೆ ಐದು ಗೆರೆಗಳ ಸ್ಟಾಫ್‌ನ ಎತ್ತರ 7 ಮಿಲಿಮೀಟರ್. ಇಳಿಸಿದ ಮೇಲೆ ಅದು 5 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಲೆಗೆರೆ ಒಂದೇ ಉದ್ದನೆಯ ಗೆರೆಯಲ್ಲ; ಅಲೆಯ ಒಂದು ಚಿಕ್ಕ ತುಣುಕನ್ನು ಸರಪಳಿಯ ಕೊಂಡಿಗಳಂತೆ ಮತ್ತೆ ಮತ್ತೆ ಜೋಡಿಸಿದ್ದು. ಅಂಗಡಿಯ ಯಂತ್ರದಲ್ಲಿ ಮೊದಲು ಕಟ್ಟಿಕೊಳ್ಳುವುದು ಆ ಕೊಂಡಿಗಳ ನಡುವಿನ ಬಿಳಿಯೇ.

ಜೆರಾಕ್ಸ್‌ನಲ್ಲಿ ಇಳಿಸಬೇಡಿ. ತಂತ್ರಾಂಶದಲ್ಲೇ ಪುಟವನ್ನು ಎ5 ಮಾಡಿ, ಸ್ಟಾಫ್‌ನ ಅಳತೆಯನ್ನು 7 ಮಿಲಿಮೀಟರ್‌ನಲ್ಲೇ ಉಳಿಸಿ, ಪುಟಗಳು ಎರಡರ ಬದಲು ನಾಲ್ಕಾದರೂ ಆಗಲಿ. ಬಾರ್‌ನ ಮೊದಲ ಮಾತ್ರೆಯಲ್ಲೇ ಅಲೆಗೆರೆ ಬರುವ ಕಡೆಗಳಲ್ಲಿ ಬಾರ್‌ನ ಗೆರೆಗೂ ಅಲೆಗೂ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಡಿ. ಹಾಗಿದ್ದರೆ ಆ ಹುಡುಗನಿಗೂ ಗೊಂದಲವಾಗುವುದಿಲ್ಲ.

ಪೇಟಿ ಮಾಸ್ತರ (ಬೆಳಗಾವಿ)

32 ಬಾರ್‌ಗಳಲ್ಲಿ ಒಟ್ಟು ಎಷ್ಟು ಅಲೆಗೆರೆಗಳಿವೆ ಎಂದು ಕೇಳಬಹುದೇ?

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ಹತ್ತೊಂಬತ್ತು.

ಪೇಟಿ ಮಾಸ್ತರ (ಬೆಳಗಾವಿ)

ಸ್ವರಮಂಡಲವನ್ನು ಹಾಡಿನ ಪ್ರತಿ ಸಾಲಿಗೂ ಸವರುವವರನ್ನು ನಾನು ಕೇಳಿದ್ದೇನೆ. ಎರಡನೆಯ ಸಾಲಿಗೇ ಸಾಕೆನಿಸುತ್ತದೆ.

ತಿಲಕವಾಡಿ ಕೀಬೋರ್ಡ್ (ಬೆಳಗಾವಿ)

ನಿನ್ನೆ ರಾತ್ರಿ ಕುಳಿತು ಹದಿನಾರನ್ನು ತೆಗೆದೆ. ಮೊದಲ ಬಾರ್, ಒಂಬತ್ತನೆಯದು ಮತ್ತು ಕೊನೆಯದು ಉಳಿದಿವೆ. ಒಂಬತ್ತನೆಯದಕ್ಕೆ ಮರೆಮಾಡಿದ ಭಾಗವನ್ನು ಬರೆದು, ಧ್ವನಿ ಕಡತ ಮಾಡಿ, ಮಕ್ಕಳ ಪಾಲಕರಿಗೆ ಕಳುಹಿಸಿದ್ದೇನೆ. ಎ5 ಹಾಳೆಗಳು ನಾಲ್ಕಾದವು. ಒಂಬತ್ತು ವರ್ಷದವಳು ಇವತ್ತು ಸಂಜೆ ಬಂದು ಮೊದಲ ಗುಚ್ಛವನ್ನು ನುಡಿಸಿದಳು. ಮಂದ್ರದ ಸಾ ಇಂದ ಹೊರಟು ನಿಧಾನವಾಗಿ ಏರಿ, ಬಲಗೈಯ ಕಿರುಬೆರಳು ತಾರ ಸಾ ಮುಟ್ಟುವ ಹೊತ್ತಿಗೆ ಎಡಗೈಯನ್ನು ಎತ್ತಿಬಿಟ್ಟಳು. ಹಿಡಿದಿರಬೇಕು ಎಂದೆ. ಹಾಳೆಯಲ್ಲಿ ಹಾಗೆ ಎಲ್ಲಿ ಬರೆದಿದೆ ಎಂದು ಕೇಳಿದಳು. ಅಲೆಗೆರೆಯ ಪಕ್ಕದಲ್ಲಿ ನಿಂತಿರುವ ಪೂರ್ಣ ಸ್ವರಗಳ ಖಾಲಿ ತಲೆಗಳನ್ನು ಒಂದೊಂದಾಗಿ ತೋರಿಸಿದೆ, ನಾಲ್ಕು ಮಾತ್ರೆ ಎಣಿಸಿದಳು, ಮತ್ತೆ ನುಡಿಸಿದಳು.